ಕಟ್ಟಿನ ಕಳ್ಳಿಯನ್ನು ಹಿಡಿದ ಡಾಕ್ಟರ್ ಬಾಯಿ

ಕಲಬುರಗಿಯ ಡಾಕ್ಟರ್ ಬಾಯಿ, ಅಂದರೆ ಡಾಕ್ಟರಮ್ಮ, ಹೋದ ತಿಂಗಳು ತೀರಿಕೊಂಡರಂತೆ. ಸುದ್ದಿ ಕೇಳಿ ನಾನು ಅಳಲಿಲ್ಲ. ಅವರನ್ನು ನೆನೆದರೆ ನನಗೆ ನಗುವೇ ಬರುತ್ತದೆ.

ಮೊಮ್ಮಗಳು ಎಂಟು ತಿಂಗಳ ಕೂಸಿದ್ದಾಗ, ಸಣ್ಣ ಜ್ವರ ಬಂದರೂ ಕುತ್ತಿಗೆ ನಿಲ್ಲದಂತೆ ಸೋತು ಮಲಗುತ್ತಿದ್ದಳು. ಅವಳ ಬಟ್ಟೆ ಒಗೆಯುವಾಗ ಬೆಲ್ಲದ ಪಾಕ ಸೀದ ವಾಸನೆ. ಹೇಳಿದರೆ ಮನೆಯವರೆಲ್ಲ ನಕ್ಕರು. ಕೊನೆಗೆ ಸೇಡಂನಿಂದ ಕಲಬುರಗಿಗೆ ಒಯ್ದೆವು. ಅಲ್ಲಿ ಈ ಬಾಯಿ. ನಾಡಿ ಹಿಡಿಯುವವರಲ್ಲ, ರಕ್ತ, ಮೂತ್ರ ಪರೀಕ್ಷಿಸಿ ಯಾರೂ ಕೇಳಿರದ ರೋಗ ಹುಡುಕುವ ಜೀವರಸಾಯನ ತಜ್ಞೆ. ಅಂಥ ರೋಗಗಳ ಮೇಲೆಯೇ ಅವರ ಸಂಶೋಧನೆ. ನಾನು ವಾಸನೆಯ ಮಾತು ತೆಗೆದದ್ದೇ ತಡ, ಒದ್ದೆ ಬಟ್ಟೆ ಇಸಿದುಕೊಂಡು ಮೂಗಿಗೇ ಹಿಡಿದು, ಅಜ್ಜಿಯಾದ ನನ್ನ ಕಡೆ ತಿರುಗಿದರು.

“ಆಯೀ, ನಿಮ್ಮ ಮೂಗು ನನ್ನ ಮಷೀನಕಿಂತ ಚುರುಕ ಅದ.”

ಹುಟ್ಟಿನಿಂದ ಬಂದ ದೋಷವಂತೆ. ಬೇಳೆ, ಹಾಲಿನ ಸತ್ವ ಮೈಗೆ ಅರಗದೆ ವಿಷವಾಗಿ ಮಿದುಳಿಗೆ ಏರುತ್ತದೆ. ಅವರು ಕೊಟ್ಟ ಪುಡಿ, ಅಳತೆಯ ಅನ್ನ, ಅಷ್ಟೇ. ಬೇಳೆ ಮುಟ್ಟಿಸುವಂತಿಲ್ಲ. ಹದಿನೈದು ದಿನಕ್ಕೊಮ್ಮೆ ಹಿಮ್ಮಡಿ ಚುಚ್ಚಿ, ಕಾಗದದ ಮೇಲೆ ರಕ್ತದ ಚುಕ್ಕೆ ಒತ್ತಿ ಕಳಿಸಬೇಕು.

ತೊಗರಿ ಬೆಳೆಯುವ ಮನೆಯಲ್ಲಿ ಇದೆಂಥ ಪಥ್ಯ? ಬೇಳೆಯನ್ನಂತೂ ನಾನು ಕೊಡಲಿಲ್ಲ. ಬೆಂದ ಬೇಳೆಯಿಂದ ಬಸಿದ ತಿಳಿನೀರು, ನಾವು ಕಟ್ಟು ಎನ್ನುತ್ತೇವಲ್ಲ, ಅದನ್ನು ದಿನಾ ಎರಡು ಚಮಚ, ಸೊಸೆ ಕಾಣದಂತೆ. ಕೂಸು ಮತ್ತೆ ಮಂಕಾಯಿತು.

ಮೂರನೇ ಚುಕ್ಕೆ ತಲುಪಿದ ಮೇಲೆ ಬಾಯಿ ತಾವೇ ಬಸ್ಸು ಹಿಡಿದು ಮನೆಗೆ ಬಂದರು.

“ಬ್ಯಾಳಿ ಯಾರ ಕೊಡಾಕತ್ತೀರಿ?”

“ಯಾರೂ ಕೊಟ್ಟಿಲ್ರಿ,” ಎಂದೆ. ಸುಳ್ಳೇನಲ್ಲ.

ಅವರು ಒಲೆಯ ಪಕ್ಕ ಕುಳಿತೇಬಿಟ್ಟರು. “ದಿನಾ ಹ್ಯಾಂಗ ಮಾಡ್ತೀರಿ ಹಂಗೇ ಅಡಗಿ ಮಾಡ್ರಿ. ನಾ ನೋಡ್ತೀನಿ.”

ಬೇಳೆ ಬಸಿದೆ. ಅಭ್ಯಾಸದ ಕೈ, ಎರಡು ಚಮಚ ಕೂಸಿನ ಬಟ್ಟಲಿಗೆ ಹೋಗಿಯೇಬಿಟ್ಟಿತು.

“ನೋಡ್ರಿ ಬಾಯಾರ, ಕಳ್ಳಿ ಮನ್ಯಾಗೇ ಅದಾಳ!” ಸೊಸೆ ಕೂಗಿದಳು.

“ಏ, ಅದು ಬರೇ ನೀರ ಅದ!” ನಾನೂ ಕೂಗಿದೆ.

ಬೈಗುಳ ಕಾಯುತ್ತ ನಿಂತೆ. ಬಾಯಿ ನೋಟುಬುಕ್ಕು ತೆಗೆದು, ಎಷ್ಟು ಬೇಳೆಗೆ ಎಷ್ಟು ನೀರು, ಎಷ್ಟು ಹೊತ್ತು ಕುದಿಸುತ್ತೇನೆ ಎಂದು ಕೇಳಿ ಬರೆದುಕೊಂಡರು. ಶೀಶೆಯಲ್ಲಿ ಕಟ್ಟು ತುಂಬಿಸಿಕೊಂಡು ಹೋದರು. ಪರೀಕ್ಷೆಯಾದ ಮೇಲೆ ಫೋನು.

“ನೀರಲ್ಲ ಆಯೀ, ಬ್ಯಾಳಿ ಸತ್ವ ಅದರಾಗೂ ಇಳದದ. ತಪ್ಪು ನಂದೂ ಅದ. ಬ್ಯಾಳಿ ಬ್ಯಾಡ ಅಂದೆ, ಕಟ್ಟಿನ ಹೆಸರೇ ತೆಗೀಲಿಲ್ಲ.”

ಕಟ್ಟು ನಿಲ್ಲಿಸಿದೆ. ಮುಂದಿನ ಚುಕ್ಕೆಯ ಹೊತ್ತಿಗೆ ಕೂಸು ತಲೆ ಎತ್ತಿ ನಗುತ್ತಿತ್ತು. ಆಮೇಲೆ ಬಾಯಿ ಚಿತ್ತಾಪುರ, ಚಿಂಚೋಳಿ ಕಡೆಯ ಇಂಥ ಕೂಸುಗಳ ಮನೆಗೆ ಹೋದಾಗಲೂ ಮೊದಲು ಅಜ್ಜಿಯರನ್ನೇ ವಿಚಾರಿಸುತ್ತಿದ್ದರಂತೆ. ಪಥ್ಯದ ಪಟ್ಟಿಯಲ್ಲಿ ಬೇಳೆಯ ಕೆಳಗೆ ಕಟ್ಟನ್ನೂ ಸೇರಿಸಿದರು.

ಮೊಮ್ಮಗಳೀಗ ಶಾಲೆಯಲ್ಲಿ ಎರಡನೇ ಇಯತ್ತೆ. ಮೊನ್ನೆ ವಾಡಿಯಲ್ಲಿ ಮದುವೆ ಊಟಕ್ಕೆ ಕುಳಿತಾಗ ಕಟ್ಟಿನ ಸಾರು ಬಡಿಸಲು ಬಂದವನಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿದಳು.

“ನಂಗ ಬ್ಯಾಡ್ರಿ. ನಮ್ಮ ಆಯಿಗಿ ಹಾಕ್ರಿ, ಆಕಿಗಿ ಕಟ್ಟು ಭಾಳ ಸೇರ್ತದ.”

ನಾನು ಎರಡು ಸಲ ಹಾಕಿಸಿಕೊಂಡೆ.