ಅಂಗೈ ಅಗಲದ ಬಿಳಿ

ಹತ್ತಿಯ ಉಂಡೆಗೆ ಥಿನ್ನರ್ ಸುರಿದುಕೊಂಡಾಗ ಮೂಗಿಗೆ ಅಡರಿದ ವಾಸನೆ ನನ್ನನ್ನು ನೇರವಾಗಿ ಚನ್ನಪಟ್ಟಣದ ಆ ತಗಡಿನ ಶೆಡ್ಡಿಗೆ ಕರೆದುಕೊಂಡು ಹೋಯಿತು. ಕಾರಿನ ಬಾಗಿಲ ಒಳ ಅಂಚಿನಲ್ಲಿ ಹಳೆಯ ಸರ್ವೀಸ್ ಚೀಟಿಯೊಂದು ಹರಿದು, ಅದರ ಅಂಟು ಜಿಡ್ಡಾಗಿ ಉಳಿದಿತ್ತು. ಅದನ್ನು ಒರೆಸೋಣವೆಂದು ಕುಕ್ಕರಗಾಲಿನಲ್ಲಿ ಕೂತವಳು, ವಾಸನೆ ಬಂದೊಡನೆ ಕೈ ನಿಲ್ಲಿಸಿಬಿಟ್ಟೆ.

ಆ ಶೆಡ್ಡಿನಲ್ಲಿ ಪೇಂಟರ್ ಸಾಬರಿದ್ದರು. ಊರೆಲ್ಲ ಅವರನ್ನು ಹಾಗೇ ಕರೆಯುತ್ತಿತ್ತು, ನಾನೂ ಹಾಗೇ ಕರೆದೆ. ಅವರ ತಂದೆ ಬೊಂಬೆ ಮಾಡುವವರು. ಇವರು ಮಾತ್ರ ಮರ ಬಿಟ್ಟು ತಗಡಿಗೆ ಬಣ್ಣ ಹೊಡೆಯಲು ಬಂದಿದ್ದರು. ಗಾಡಿ ಬಂದರೆ ಮೊದಲು ಮಾತಾಡುತ್ತಿರಲಿಲ್ಲ. ಎಡಗಣ್ಣು ಮುಚ್ಚಿ, ಬಾಗಿಲ ಮೇಲೆ ಬೆರಳ ಹಿಂಬದಿಯನ್ನು ನಿಧಾನವಾಗಿ ಎಳೆದು, ಅಲ್ಲಲ್ಲಿ ಕುಟ್ಟಿ ಸದ್ದು ಕೇಳುತ್ತಿದ್ದರು.

ನನ್ನ ಬುದ್ಧಿಯನ್ನೂ ಮೊದಲೇ ಹೇಳಿಬಿಡುತ್ತೇನೆ. ನಮ್ಮದು ವಿರೂಪಾಕ್ಷಿಪುರದ ಕಡೆ ರೇಷ್ಮೆಗೂಡು ಬೆಳೆಯುವ ಮನೆ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಹೋದರೆ, ಕೊಳ್ಳುವವರು ಮೇಲಿನ ಗೂಡನ್ನು ನೋಡುತ್ತಲೇ ಇರಲಿಲ್ಲ. ಮೊಳಕೈವರೆಗೆ ಕೈ ಇಳಿಸಿ ತಳದಿಂದ ಒಂದು ಹಿಡಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಮೇಲೆ ಗಟ್ಟಿ ಗೂಡು, ಕೆಳಗೆ ಜಾಳು ತುಂಬಿ ತರುವವರೂ ಇದ್ದರಲ್ಲ. ಅಪ್ಪ ಅಂಥವನಲ್ಲ. ಆದರೂ ಕೈ ಇಳಿಯುವಾಗಲೆಲ್ಲ ಅವನ ಮುಖ ಸಣ್ಣದಾಗುತ್ತಿತ್ತು. ಆ ಮುಖ ನೋಡಿ ನಾನು ಮರುಕ ಕಲಿಯಬೇಕಿತ್ತು, ಕಲಿತದ್ದು ಅನುಮಾನ. ತರಕಾರಿಯವಳಿರಲಿ, ಹಲ್ಲಿನ ಡಾಕ್ಟರಿರಲಿ, ಯಾರ ಮಾತನ್ನೂ ಬುಡ ಕೆದಕದೆ ಒಪ್ಪಿದವಳಲ್ಲ.

ನನ್ನ ಕಾರು ಬಿಳಿಯದು. ಬಿಡದಿ ರಸ್ತೆಯಲ್ಲಿ ಬಿಳಿ ಕಾರೆಂದರೆ ಬಾಡಿಗೆ ಕಾರು. ಒಂದು ನಿಮಿಷ ನಿಲ್ಲಿಸಿದರೆ ಸಾಕು, ಯಾರೋ ಹಿಂದಿನ ಬಾಗಿಲು ತೆಗೆದು ಚೀಲ ಇಡುತ್ತಿದ್ದರು. ಒಬ್ಬ ಅಜ್ಜ ಕೂತೇಬಿಟ್ಟು "ಫ್ಯಾಕ್ಟ್ರಿ ಗೇಟ್‌ತವ ಇಳಿಸ್ಬುಡವ್ವ" ಎಂದಿದ್ದ. ಇಳಿಸಿ ಬಂದೆ, ಬಂದವಳೇ ಕಡುಹಸಿರು ಮಾಡಿಸುತ್ತೇನೆಂದು ಹಟ ಹಿಡಿದೆ.

ಸಾಬರು ಎಂದಿನಂತೆ ಮೈಯೆಲ್ಲ ಕುಟ್ಟಿ ನೋಡಿ, ಕೊನೆಗೆ ಹೇಳಿದ್ದು ಕೇಳಿ ನನ್ನ ಕಿವಿ ನೆಟ್ಟಗಾಯಿತು.

"ಪೇಂಟ್ ಬ್ಯಾಡ ಅಮ್ಮ. ಕಂಪ್ನಿ ಬಣ್ಣ ಒಸಿನೂ ಕೆಟ್ಟಿಲ್ಲ. ಇದನ್ನ ಉಜ್ಜಿ ತೆಗುದ್ರೆ ನಾನಲ್ಲ, ಯಾರೂ ವಾಪಸ್ ತರಕಾಗಲ್ಲ. ಎದ್ರುಗಡೆ ಅಂಗ್ಡೀಲಿ ಸ್ಟಿಕ್ಕರ್ ಸುತ್ತುಸ್ಕೊಳಿ. ಬ್ಯಾಸ್ರ ಆದ್ರೆ ಕಿತ್ತಾಕ್‌ಬೋದು, ಬಿಳಿ ಹಂಗೇ ಇರ್ತದೆ."

ಪೇಂಟರೇ ಪೇಂಟ್ ಬೇಡ ಎನ್ನುವುದೆಂದರೇನು? ದೋಸೆ ಅಂಗಡಿಯವನು ಪಕ್ಕದ ಅಂಗಡಿಯ ಇಡ್ಲಿ ತಿನ್ನಿ ಎಂದಂತೆ. ಎದುರು ಅಂಗಡಿಯವನಿಂದ ಇವರಿಗೆ ಕಮಿಷನ್ ಇರಲೇಬೇಕು ಎಂದು ಅಲ್ಲೇ ತೀರ್ಮಾನಿಸಿದೆ. ಕಾರಿನ ಮೈಗೆ ಪ್ಲಾಸ್ಟಿಕ್ ಹಾಳೆ ಸುತ್ತುವುದೂ ನನಗೆ ಸರಿಬರಲಿಲ್ಲ. ಮುಚ್ಚಿದ್ದರ ಕೆಳಗೆ ಏನೋ ಇರುತ್ತದೆ ಎಂದು ನಂಬಿದವಳು ನಾನು. "ಪೇಂಟೇ ಆಗ್ಬೇಕು" ಎಂದೆ. ಅವರು ಇನ್ನೂ ಎರಡು ಸಲ ಹೇಳಿ ನೋಡಿದರು. ಆಮೇಲೆ, ಆರ್ಸಿಯಲ್ಲಿ ಬಣ್ಣ ಬದಲಾಯಿಸಿಕೊಳ್ಳುವುದನ್ನು ಮರೆಯಬೇಡಿ ಎಂದು ಎಚ್ಚರಿಸಿ, ಕೀ ಇಸಿದುಕೊಂಡರು.

ಕಾರು ಬಂದಾಗ ನೋಡಬೇಕಿತ್ತು... ಕೆರೆಯ ಆಳದ ನೀರಿನ ಹಾಗೆ ಹಸಿರು. ಆದರೆ ನಾನು ಹಸಿರನ್ನು ನೋಡಲಿಲ್ಲ, ಬಾಗಿಲುಗಳನ್ನು ತೆರೆದು ಒಳಗೆ ನೋಡಿದೆ. ನಾಲ್ಕು ಬಾಗಿಲ ಒಳ ಅಂಚು, ಬಾನೆಟ್ಟಿನ ಒಳಗಡೆ, ಡಿಕ್ಕಿಯ ಒಳಗಡೆ, ಎಲ್ಲ ಕಡೆಯೂ ಅಂಗೈ ಅಗಲ ಬಿಳಿ ಹಾಗೇ ಉಳಿದಿತ್ತು! ಕಳ್ಳ ಸಿಕ್ಕಿಬಿದ್ದ ಎಂದುಕೊಂಡೆ. ಹಸಿರು ಬಣ್ಣ ಮಿಗಿಸಿಕೊಂಡಿರಾ ಎಂದು ನೇರವಾಗಿಯೇ ಕೇಳಿದೆ.

ಸಾಬರು ಸಿಟ್ಟಾಗಲಿಲ್ಲ. "ಬೊಂಬೆ ತಳ ನೋಡಿದ್ದೀರಾ ಅಮ್ಮ? ನಮ್ಮಪ್ಪ ತಳಕ್ಕೆ ಅರಗಿನ ಬಣ್ಣ ಹಾಕ್ತಿರ್ನಿಲ್ಲ. ಒಳಗೆ ಯಾವ ಮರ ಅಂತ ತಗಳೋರಿಗೆ ಕಾಣ್ಬೇಕು. ಗಾಡಿನೂ ಹಂಗೇಯ. ನಾಳೆ ಮಾರಕ್ಕೋದ್ರೆ ಯಾಕ್ ಪೇಂಟ್ ಹೊಡ್ಸಿದ್ರಿ ಅಂತ ಕೇಳ್ತಾರೆ. ಆಗ ಗಾಡಿ ಎಲ್ಲೂ ಗುದ್ದಿಲ್ಲ ಅಂತ ತೋರ್ಸಕ್ಕೆ ಈ ಬಿಳಿ ಬೇಕಾಯ್ತದೆ, ಇರ್ಲಿ ಬುಡಿ."

"ಆಯ್ತು ಬಿಡಿ ಸಾಬ್ರೇ, ನಂಬ್ತೀನಿ" ಎಂದೆ. ನಂಬದವರು ಎಳೆದು ಹೇಳುತ್ತಾರಲ್ಲ, ಆ ಧಾಟಿಯಲ್ಲಿ. ಅವರಿಗೆ ಅದು ತಿಳಿಯಿತು. ತಲೆ ತಗ್ಗಿಸಿ ಬಣ್ಣ ಹೊಡೆಯುವ ಗನ್ನು ತೊಳೆಯತೊಡಗಿದರು. ನಾನು ಅಲ್ಲಿಂದ ಸೀದಾ ಬೈಪಾಸಿನ ಇನ್ನೊಂದು ಶೆಡ್ಡಿಗೆ ಹೋಗಿ ಆರೂ ಕಡೆ ಹಸಿರು ಬಳಿಸಿಕೊಂಡು, ಗೆದ್ದವಳ ಹಾಗೆ ಮನೆಗೆ ಬಂದೆ. ಕದ್ದು ಮಿಗಿಸುವವನು ಟೇಪು ಒತ್ತಿ ಅಷ್ಟು ನೇರವಾದ ಚೌಕ ಯಾಕೆ ಬಿಡುತ್ತಾನೆ ಎಂದು ಒಂದು ಗಳಿಗೆಯೂ ಯೋಚಿಸಲಿಲ್ಲ.

ಅದಾಗಿ ಆರು ವರ್ಷ. ಹೋದ ವರ್ಷ ನನ್ನ ನಾದಿನಿ ಕಾರು ಕೊಳ್ಳುತ್ತೇನೆ ಎಂದಳು. ಸೋಲೂರಿನಲ್ಲಿ ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವಳು. ಅವಳಿಗೆ ಸ್ಟೀರಿಂಗ್ ಹಿಡಿಯಲು ಇದೇ ಕಾರಿನಲ್ಲಿ ನಾನೇ ಕಲಿಸಿದ್ದೆ. "ಬ್ಯಾರೆ ಯಾವ್ದೂ ಬ್ಯಾಡ ಅತ್ಗೆ, ನಿಮ್ದೇ ಬೇಕು" ಎಂದು ಹಟ ಮಾಡಿ ಗಂಡನನ್ನು ಕರೆದುಕೊಂಡು ಬಂದಳು. ಅವನ ಜೊತೆ ಮಾಗಡಿಯ ಮೆಕ್ಯಾನಿಕ್ ಒಬ್ಬ. ಅವನ ಕೈಯಲ್ಲಿ ಬಣ್ಣದ ದಪ್ಪ ಅಳೆಯುವ ಮೀಟರು.

ಮೀಟರು ಇಟ್ಟ ಕಡೆಯೆಲ್ಲ ಮೆಕ್ಯಾನಿಕ್ ಮುಖ ಸಿಂಡರಿಸಿದ. "ಫುಲ್ ಗಾಡಿ ಹೊಡ್ಸವ್ರೆ. ಬಾಗ್ಲೊಳಗೂ ಬುಟ್ಟಿಲ್ಲ. ಪಲ್ಟಿ ಆಗಿರೋ ಗಾಡಿನೇ ಇದು." ನಾನು ಬಾಡಿಗೆ ಕಾರಿನ ಕಥೆ ಹೇಳಿದೆ, ಅಜ್ಜನ ಕಥೆ ಹೇಳಿದೆ. ಹೇಳಿದಷ್ಟೂ ಕಥೆಯ ಹಾಗೇ ಕೇಳಿಸುತ್ತಿತ್ತು. ನಾದಿನಿ ನನ್ನನ್ನು ಪಕ್ಕಕ್ಕೆ ಕರೆದಳು.

"ನಮ್ಗೂ ಒಂದ್ ಮಾತ್ ಹೇಳ್‌ಬಾರ್ದಿತ್ತಾ ಅತ್ಗೆ?"

ಆಣೆ ಮಾಡಿದೆ. ಅವಳು ನನ್ನ ಭುಜ ಮುಟ್ಟಿ, "ಆಯ್ತು ಬುಡಿ ಅತ್ಗೆ, ನಂಬ್ತೀನಿ" ಎಂದಳು. ಅದೇ ಮಾತು, ಅದೇ ಧಾಟಿ. ಅಪ್ಪನ ಸಣ್ಣ ಮುಖ ಎಂಥದ್ದೆಂದು ಅವತ್ತು ಗೊತ್ತಾಯಿತು.

ಮಾರನೆಯ ದಿನವೇ ಚನ್ನಪಟ್ಟಣಕ್ಕೆ ಓಡಿದೆ. ಸಾಬರು ಬಂದು ಒಂದು ಮಾತು ಹೇಳಿದರೆ ಸಾಕಿತ್ತು. ಶೆಡ್ಡಿಗೆ ಬೀಗ. ಎದುರಿನ ಸ್ಟಿಕ್ಕರ್ ಅಂಗಡಿಯವನು ಹೊರಗೆ ಬಂದು, ಅವರು ತೀರಿಹೋಗಿ ನಾಲ್ಕು ತಿಂಗಳಾಯಿತೆಂದ. ಏನು ಕೇಳಬೇಕೆಂದು ತೋಚದೆ, ಕಮಿಷನ್ ಕೊಡುತ್ತಿದ್ದಿರಾ ಎಂದು ಕೇಳಿಬಿಟ್ಟೆ. ಹುಟ್ಟುಗುಣ!

"ಕಮಿಷನ್ನಾ?" ಅವನು ನಕ್ಕ. "ಒಂದ್ ಟೀ ಕುಡುದ್ರೂ ಕಾಸ್ ಅವ್ರೇ ಕೊಡೋರು. ನಾನೇನಾದ್ರೂ ಗಾಡಿ ಮ್ಯಾಲೆ ಬ್ಲೇಡ್ ಇಟ್ಟು ಸ್ಟಿಕ್ಕರ್ ಕುಯ್ದ್ರೆ, ಅಲ್ಲಿಂದ ಎದ್‌ಬಂದು ಉಗಿಯೋರು. ಕೆಳಗಿರೋ ಬಣ್ಣಕ್ಕೆ ಗೆರೆ ಬಿದ್ದದು ಕಣ್ಲಾ ಅಂತ."

ನಾದಿನಿ ಬೇರೆ ಕಾರು ಕೊಂಡಳು. ಹಬ್ಬಕ್ಕೆ ಬರುತ್ತಾಳೆ, ಮಾತಾಡುತ್ತಾಳೆ. ಆದರೆ ನಾನು ಏನು ಹೇಳಿದರೂ ಒಂದು ಗಳಿಗೆ ತಡೆದು ತಲೆಯಾಡಿಸುತ್ತಾಳೆ... ಆ ಒಂದು ಗಳಿಗೆ ನನಗೆ ತಡೆಯಲಾಗುವುದಿಲ್ಲ.

ಇವತ್ತು ಅಂಟು ಒರೆಸುತ್ತಿದ್ದಾಗ ಹತ್ತಿಗೆ ಹಸಿರು ಹತ್ತಿತು. ಬೈಪಾಸಿನವನ ಅಗ್ಗದ ಬಣ್ಣ ಥಿನ್ನರಿಗೆ ಕರಗುತ್ತಿತ್ತು. ಇನ್ನೂ ಉಜ್ಜಿದೆ. ಕೆಳಗಿನಿಂದ ಬಿಳಿ ಮೇಲೆದ್ದಿತು, ಕಂಪನಿಯ ಬಿಳಿ. ಥಿನ್ನರಿಗೆ ಅದು ಜಗ್ಗಲಿಲ್ಲ. ಸುತ್ತ ಸಾಬರ ಹಸಿರು. ಅದೂ ಜಗ್ಗಲಿಲ್ಲ. ನಡುವೆ ಟೇಪಿನ ಅಂಚು ಗೆರೆ ಎಳೆದಷ್ಟು ನೇರ.

ಫೋಟೋ ತೆಗೆದೆ, ನಾದಿನಿಗೆ ಕಳಿಸಲಿಲ್ಲ. ನಿನ್ನೆ ಮಾಡಿಸಿದ್ದು ಎಂದುಕೊಳ್ಳುತ್ತಾಳೆ, ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ. ನಂಬುತ್ತೇನೆ ಎಂಬ ಮಾತನ್ನು ಇವತ್ತು ಸರಿಯಾದ ಧಾಟಿಯಲ್ಲಿ ಹೇಳಬಲ್ಲೆ, ಕೇಳಬೇಕಾದ ಸಾಬರಿಲ್ಲ.

ಇನ್ನೂ ಐದು ಕಡೆ ಉಳಿದಿವೆ. ಹತ್ತಿ ತರಲು ಒಳಗೆ ಹೋದೆ.