ಇಲಿಯಾಸ್ ಚಾಚಾ ಮತ್ತು ನಾಲ್ಕನೆಯ ತಿರುವು

ತಾಯಿ ಮಗುವಿನ ಜ್ವರ ನೋಡುವ ಹಾಗೆ ಇಲಿಯಾಸ್ ಚಾಚಾ ಟೈರು ಮುಟ್ಟಿ ನೋಡುತ್ತಿದ್ದರು. ಅಂಗೈಯಿಂದಲ್ಲ, ಕೈಯ ಹಿಂಬದಿಯಿಂದ. ಯಾಕೆ ಹಾಗೆ ಎಂದು ಒಮ್ಮೆ ಕೇಳಿದ್ದೆ. "ಅಂಗೈ ಐವತ್ತು ವರ್ಷ ಕೆಲಸ ಮಾಡಿ ಕಿವುಡಾಗಿದೆ ಬೇಟಿ. ಈ ಕಡೆಗೆ ಇನ್ನೂ ಕೇಳ್ಸುತ್ತೆ" ಎಂದಿದ್ದರು.

ಶಿವಾಜಿನಗರದಲ್ಲಿ ಹಳೆಯ ಬಿಡಿಭಾಗ ಮಾರುವ ಓಣಿಯೊಂದರಲ್ಲಿ ಅವರ ಅಂಗಡಿ. ಎರಡು ಗೋಡೆಗೂ ಸೂರಿನ ತನಕ ಟೈರು ಪೇರಿಸಿ, ನಡುವೆ ಒಂದು ಸ್ಟೂಲಿನಷ್ಟು ಜಾಗ ಉಳಿಸಿಕೊಂಡಿದ್ದರು. ಮಧ್ಯಾಹ್ನ ಮೇಲಿನ ಗಾಜಿನ ಹೆಂಚಿನಿಂದ ಬೆಳಕು ಇಳಿಯುತ್ತಿತ್ತು. ಅಲ್ಲಿ ಕುಳಿತರೆ ಬಾವಿಯ ತಳದಿಂದ ಆಕಾಶ ನೋಡಿದಂತೆ. ರಬ್ಬರಿನ ವಾಸನೆಗೆ ಪಕ್ಕದ ಬೇಕರಿಯ ಬನ್ನಿನ ವಾಸನೆ ಸೇರಿ, ಸ್ವಲ್ಪ ಹೊತ್ತಿಗೆ ಎಲ್ಲಿದ್ದೇನೆಂಬುದೇ ಮರೆಯುತ್ತಿತ್ತು.

ನಾನು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವವಳು, ಮನೆ ಹಲಸೂರಿನ ಜೋಗುಪಾಳ್ಯ. ನಲವತ್ತೇಳನೆಯ ವಯಸ್ಸಿನಲ್ಲಿ ನನಗೊಂದು ಹುಚ್ಚು ಹಿಡಿಯಿತು. ಕೋಲಾರದ ದಿಕ್ಕಿನಲ್ಲಿ ಒಂದು ರೇಸ್ ಟ್ರ್ಯಾಕ್ ಇದೆ. ವರ್ಷಕ್ಕೆ ಮೂರ್ನಾಲ್ಕು ದಿನ ಅದನ್ನು ನಮ್ಮಂಥ ಹವ್ಯಾಸಿಗಳಿಗೆ ಬಿಡುತ್ತಾರೆ. ಸ್ಪರ್ಧೆಯಿಲ್ಲ, ಬಹುಮಾನವಿಲ್ಲ; ದಿನವೂ ತರಕಾರಿ ತರುವ ಕಾರನ್ನೇ ಅಲ್ಲಿ ಮನಸಾರೆ ಓಡಿಸಿ ಬರಬಹುದು. ಮುಂಜಾನೆ ಕೆ.ಆರ್. ಪುರದ ತೂಗುಸೇತುವೆಯ ತಂತಿಗಳು ಮಂಜಿನಲ್ಲಿ ಒಂದೊಂದಾಗಿ ಮೂಡಿ ಹಿಂದೆ ಸರಿಯುವಾಗ, ಹೊರಟಿರುವುದು ನಾನಲ್ಲ, ನನ್ನ ಹಾಗೆ ಕಾಣುವ ಇನ್ಯಾರೋ ಎನಿಸುತ್ತಿತ್ತು.

ಮೊದಲ ದಿನವೇ ನಾಲ್ಕನೆಯ ತಿರುವಿನಲ್ಲಿ ಕಾರು ಬುಗುರಿಯಂತೆ ತಿರುಗಿ, ಬಂದ ದಾರಿಗೇ ಮುಖ ಮಾಡಿಕೊಂಡು ಹುಲ್ಲಿನಲ್ಲಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಮನೆಗೆ ಬಂದು ಇದ್ದದ್ದು ಇದ್ದಂತೆ ಹೇಳಿದೆ. ನಮ್ಮವರು ಸಾರಿನ ಒಲೆ ಆರಿಸಿ ಬಂದು ಕುಳಿತರು. "ಇನ್ನೊಂದ್ಸಲ ಹಿಂಗೆ ತಿರುಗಿದ್ರೆ ಅಲ್ಲಿಗೆ ನಿಲ್ಲಿಸ್ಬಿಡ್ಬೇಕು. ಮಾತು ಕೊಡು" ಎಂದರು. ಕೊಟ್ಟೆ. ಕೊಟ್ಟ ಮೇಲೆ ಆ ತಿರುವು ನನ್ನ ಜೊತೆಗೇ ಇರತೊಡಗಿತು. ಪುಸ್ತಕ ಜೋಡಿಸುವಾಗಲೂ ಬಲಗಾಲು ಇಲ್ಲದ ಬ್ರೇಕನ್ನು ಹುಡುಕುತ್ತಿತ್ತು.

ಟ್ರ್ಯಾಕಿನಲ್ಲಿ ಸಿಕ್ಕವರೆಲ್ಲ ಹೇಳಿದ್ದು ಒಂದೇ: ಹದಿನಾಲ್ಕು ಇಂಚಿನ ಚಕ್ರ ಬಿಚ್ಚಿ ಹದಿನಾರು ಹಾಕಿಸಿ. ಅದನ್ನೇ ಒಂದು ಚೀಟಿಯಲ್ಲಿ ಬರೆದುಕೊಂಡು ಚಾಚಾ ಅಂಗಡಿಗೆ ಹೋದೆ. ಅವರು ಚೀಟಿ ಓದಿದರು, ನನ್ನನ್ನು ನೋಡಿದರು, ಒಳಗಿನಿಂದ ಎರಡು ಚಕ್ರ ಉರುಳಿಸಿಕೊಂಡು ಬಂದರು.

"ಎತ್ತು."

"ನಾನಾ?"

"ಮತ್ತೆ ನಿನ್ ಕಾರು ಇಲ್ಲಿಗೆ ಬಂದು ಎತ್ತುತ್ತಾ?"

ಹದಿನಾರರದ್ದು ಮೊಣಕಾಲ ತನಕ ಬಂತು, ಅಷ್ಟೆ. ಹದಿನೈದರದ್ದನ್ನು ಸೊಂಟದ ತನಕ ಎತ್ತಿದೆ.

"ಆಯ್ತಲ್ಲ. ಸಣ್ಣ ಇಂಜಿನ್ನು, ಪಾಪ. ದೊಡ್ಡ ಚಕ್ರ ಮದುವೆ ಮನೆ ಮುಂದೆ ನಿಲ್ಸೋಕೆ ಚೆಂದ. ಹದಿನಾಲ್ಕಲ್ಲಿ ನಿಂಗೆ ಬೇಕಾದ ಮೆತ್ತನೆ ರಬ್ಬರ್ ಸಿಗಲ್ಲ. ಹದಿನೈದು ಹಾಕು, ಟೈರಿನ ಪಕ್ಕೆ ಅಷ್ಟೇ ಗಿಡ್ಡ ಮಾಡು. ಒಟ್ಟು ಎತ್ತರ ಮೊದಲಿದ್ದಷ್ಟೇ ಇರ್ಲಿ. ಗಾಡಿಗೆ ಗೊತ್ತೇ ಆಗಬಾರ್ದು."

ಆಮೇಲೆ ಟೈರಿನ ಪಕ್ಕೆಯಲ್ಲಿ ಅಚ್ಚಾಗಿದ್ದ ನಾಲ್ಕು ಅಂಕಿಯ ಮೇಲೆ ನನ್ನ ಬೆರಳಿಟ್ಟು ಓದಿಸಿದರು. ಟೈರು ಹುಟ್ಟಿದ ವಾರ ಮತ್ತು ವರ್ಷ. "ನಿಮ್ಮಲ್ಲಿ ಜಾತಕ ಅಂತೀರಲ್ಲ, ಇದು. ಇದನ್ನ ನೋಡ್ದೆ ಯಾವ ಸಂಬಂಧಾನೂ ಮಾಡ್ಬೇಡ."

ಹದಿನೈದರದ್ದೇ ಹಾಕಿಸಿಕೊಂಡೆ. ಹೊರಡುವ ಮುನ್ನ ನಾಲ್ಕೂ ಟೈರಿನ ಅಂಚಿಗೆ ಸೀಮೆಸುಣ್ಣದಿಂದ ದಪ್ಪ ಗೆರೆ ಎಳೆದರು. ತಿರುವಿನಲ್ಲಿ ಟೈರು ಎಷ್ಟು ವಾಲುತ್ತದೋ ಅಷ್ಟು ಗೆರೆ ಅಳಿಯುತ್ತದೆ. ಉಳಿದದ್ದನ್ನು ನೋಡಿ ಗಾಳಿ ಹೆಚ್ಚೋ ಕಡಿಮೆಯೋ ಅವರು ಹೇಳಬೇಕು. "ಓಡಿಸಿದ ಮಾರನೇ ದಿನ ಹಂಗೇ ತಗೊಂಡ್ ಬಾ."

ಆ ಸಲ ನಾಲ್ಕನೆಯ ತಿರುವಿನಲ್ಲಿ ಕಾರಿನ ಹಿಂಭಾಗ ಮತ್ತೆ ಜಾರಿತು. ತಿರುಗಲಿಲ್ಲ, ಆದರೆ ಕೂದಲೆಳೆಯಷ್ಟೇ ಉಳಿದಿತ್ತು. ಮಾರನೆಯ ದಿನ ಬೆಳಿಗ್ಗೆ, ದೊಡ್ಡವರ ಅಂಗಡಿಗೆ ಮಣ್ಣು ಮೆತ್ತಿದ ಕಾರು ಒಯ್ಯುವುದೇ ಎಂದು, ಬಕೆಟ್ಟಿನಲ್ಲಿ ಸೋಪು ಕಲಸಿ ಇಡೀ ಕಾರು ತೊಳೆದೆ. ಟೈರುಗಳನ್ನು ತೆಂಗಿನ ನಾರಿನಿಂದ ಉಜ್ಜಿದೆ.

ಚಾಚಾ ಕಾರಿನ ಸುತ್ತ ಒಂದು ಸುತ್ತು ಬಂದರು, ಬಗ್ಗಿ ಇನ್ನೊಂದು ಸುತ್ತು ಬಂದರು. ಗೆರೆಯ ಗುರುತೂ ಇಲ್ಲದೆ ಫಳಫಳ ಹೊಳೆಯುತ್ತಿದ್ದ ಟೈರಿನ ಮುಂದೆ ಬಹಳ ಹೊತ್ತು ಕುಕ್ಕರಗಾಲಲ್ಲಿ ಕುಳಿತಿದ್ದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ಕಾಗದ ಬಂದಿತ್ತು ಬೇಟಿ. ನಾನು ಓದೋ ಮುಂಚೆ ನೀನು ಒಗೆದುಬಿಟ್ಟೆ."

ನನಗೆ ಅಳುವೇ ಬಂತು. ಮನೆಯಲ್ಲಿ ಕೊಟ್ಟ ಮಾತನ್ನು ಆಗ ಅವರಿಗೆ ಹೇಳಿದೆ. ಅವರು ಎರಡು ಚಹಾ ತರಿಸಿ, ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ತಾವು ಟೈರೊಂದರ ಮೇಲೆ ಕುಳಿತರು.

"ಹಂಗಾದ್ರೆ ಬಾಯಲ್ಲಿ ಓದು. ಗೇಟಿಂದ ಶುರು ಮಾಡು. ಅವಸರ ಬೇಡ."

ಹೇಳುತ್ತ ಹೋದೆ. ಮೊದಲ ತಿರುವು, ಎಡಕ್ಕೆ ಕಾಣುವ ನೀಲಗಿರಿ ಮರಗಳು, ಎರಡನೆಯದರಲ್ಲಿ ಕಣ್ಣಿಗೆ ಹೊಡೆಯುವ ಬಿಸಿಲು. ಚಾಚಾ ಕಣ್ಣು ಮುಚ್ಚಿದ್ದರು. ನಾನು ಬಲಕ್ಕೆ ಎಂದಾಗ ಅವರ ಭುಜ ಎಡಕ್ಕೆ ವಾಲುತ್ತಿತ್ತು, ಬ್ರೇಕು ಎಂದಾಗ ತಲೆ ಸ್ವಲ್ಪ ಮುಂದೆ ಬರುತ್ತಿತ್ತು. ಓಣಿಯ ಹಾರನ್ನು, ಸುತ್ತಿಗೆ ಸದ್ದು ಎಲ್ಲ ದೂರವಾದವು. ಟೈರುಗಳ ಆ ಬಾವಿಯೊಳಗೆ ನಾವಿಬ್ಬರೂ ಎಷ್ಟು ಸುತ್ತು ಹಾಕಿದೆವೋ ತಿಳಿಯದು.

"ಮೊದಲ ಎರಡು ಸುತ್ತು ಜಾರಲ್ಲ ಚಾಚಾ. ಮೂರನೇದರಿಂದ ಸೋಪ್ ನೀರು ಚೆಲ್ಲಿದ ನೆಲದ ಮೇಲೆ ನಡೆದ ಹಾಗೆ."

ಅವರು ಕಣ್ಣು ತೆರೆದರು. "ಗಾಳಿ ಯಾವಾಗ ತುಂಬಿಸ್ತೀಯಾ?"

"ಬೆಳಿಗ್ಗೆ, ತಣ್ಣಗಿರುವಾಗ. ಒಂದೆರಡು ಪಾಯಿಂಟ್ ಜಾಸ್ತೀನೇ ತುಂಬಿಸ್ತೀನಿ, ಇರ್ಲಿ ಅಂತ."

"ಇರ್ಲಿ ಅಂತ," ಎಂದು ನಕ್ಕರು. "ಪೂರಿ ಉಬ್ಬಿದ್ರೆ ತಟ್ಟೇಲಿ ಸರಿಯಾಗಿ ಕೂರುತ್ತಾ? ಬಿಸಿಗೆ ಗಾಳಿ ಉಬ್ಬಿ ಟೈರಿನ ನಡುಭಾಗ ಮಾತ್ರ ನೆಲ ಮುಟ್ತಿದೆ. ಎರಡು ಸುತ್ತು ಆದ್ಮೇಲೆ ಪಕ್ಕಕ್ಕೆ ಬಂದು, ಬಿಸಿ ಇರೋವಾಗ್ಲೇ ಗಾಳಿ ಇಳಿಸು. ಎಲ್ಲರೂ ಮುಂದೆ ಹೋಗ್ತಾರೆ. ಹೋಗ್ಲಿ ಬಿಡು."

ಮುಂದಿನ ಸಲ ನೀವೇ ಬನ್ನಿ ಚಾಚಾ ಎಂದೆ. ಟೈರಿನ ನಡುವೆಯೇ ಆಯುಷ್ಯ ಕಳೆದರೂ ಅವರು ಒಂದು ದಿನವೂ ಟ್ರ್ಯಾಕ್ ನೋಡಿದವರಲ್ಲ. "ಅಲ್ಲಿ ಕೂರೋಕೆ ನೆರಳಿದ್ಯಾ? ಇಲ್ಲ ತಾನೆ. ನಂಗೆ ಇಲ್ಲಿಂದ್ಲೇ ಚೆನ್ನಾಗಿ ಕಾಣ್ಸುತ್ತೆ" ಎಂದರು.

ಮುಂದಿನ ಸಲ ಎರಡು ಸುತ್ತಾದ ಮೇಲೆ ಪಕ್ಕಕ್ಕೆ ಬಂದು ಗಾಳಿ ಇಳಿಸಿದೆ. ಮೂರನೆಯ ಸುತ್ತಿನಲ್ಲಿ ನಾಲ್ಕನೆಯ ತಿರುವು ಬಂತು, ಹೋಯಿತು. ನಿದ್ದೆಯಲ್ಲಿ ಮಗ್ಗುಲು ಬದಲಿಸಿದಷ್ಟು ಸಲೀಸು. ಹತ್ತು ಸುತ್ತಿನಲ್ಲಿ ಹತ್ತು ಸಲವೂ ಹಾಗೇ.

ಮಾರನೆಯ ದಿನ ಕಾರು ತೊಳೆಯದೆ ಶಿವಾಜಿನಗರಕ್ಕೆ ಹೋದೆ. ಚಾಚಾ ಅಂಚಿನ ಗೆರೆ ನೋಡಿದರು, ನಾಲ್ಕೂ ಟೈರು ಮುಟ್ಟಿದರು.

"ಬಸ್, ಸಾಕು. ಇನ್ನೊಂದು ವರ್ಷ ಈ ಕಡೆ ತಲೆ ಹಾಕ್ಬೇಡ. ಅದಕ್ಕೆ ಮುಂಚೆ ಬಂದ್ರೆ ಟೈರ್ ತಿಂದುಬಿಟ್ಟಿದ್ದೀಯ, ಕೆಟ್ಟದಾಗಿ ಓಡ್ಸಿದ್ದೀಯ ಅಂತ ತಿಳ್ಕೋತೀನಿ."

ಅದನ್ನು ನಾನು ಪದಕದ ಹಾಗೆ ಇಟ್ಟುಕೊಂಡೆ. ತರಕಾರಿಗೆ ಶಿವಾಜಿನಗರದ ಮಾರುಕಟ್ಟೆಗೆ ಹೋದಾಗಲೂ ಆ ಓಣಿ ಬಿಟ್ಟು ಸುತ್ತು ಬಳಸಿ ಬಂದೆ. ಮತ್ತೆ ಮೂರು ಸಲ ಟ್ರ್ಯಾಕಿಗೆ ಹೋದೆ, ಒಮ್ಮೆಯೂ ಜಾರಲಿಲ್ಲ. ಆವತ್ತಿನಿಂದ ಟೈರು ಹದಿಮೂರು ತಿಂಗಳು ಬಾಳಿತು. ಆಮೇಲೆ, ಹೊಗಳಿಸಿಕೊಳ್ಳುವ ಆಸೆಯಿಂದಲೇ, ಓಣಿಗೆ ಕಾರು ತಿರುಗಿಸಿದೆ.

ಬಾಗಿಲು ಹಾಕಿತ್ತು. ಎದುರಿನ ರೇಡಿಯೇಟರ್ ಅಂಗಡಿಯವರು ಎದ್ದು ಬಂದರು. ರಂಜಾನ್ ಕಳೆದು ಎರಡನೆಯ ವಾರ, ಮಧ್ಯಾಹ್ನ ಮಲಗಿದ ಚಾಚಾ ಏಳಲಿಲ್ಲವಂತೆ. ನಾಲ್ಕು ತಿಂಗಳಾಗಿತ್ತು.

ಅವರು ನನ್ನ ಕಾರನ್ನೂ ನನ್ನನ್ನೂ ಒಮ್ಮೆ ನೋಡಿ ಕೇಳಿದರು: "ಹಲಸೂರಿನವ್ರು ನೀವೇ ಏನಮ್ಮಾ? ವಾರಕ್ಕೊಂದ್ಸಲ ನನ್ನ ಕೇಳೋರು, ನಾನಿಲ್ದಾಗ ಆಯಮ್ಮ ಬಂದಿದ್ರಾ ಅಂತ. ಇಲ್ಲ ಭಾಯ್ ಅಂದ್ರೆ ಸಾಕು, ಖುಷಿಯಾಗಿ ಆವತ್ತು ಚಹಾ ಕಾಸು ಅವರದ್ದೇ."