ಲಂಡನ್ನಿಗೆ ಹತ್ತೊಂಬತ್ತೂವರೆ, ಬರುವಾಗ ಮೂವತ್ತೂವರೆ

ಅಕ್ಕನನ್ನು ನೋಡಲು ಬಂದಿದ್ದ ಸೈನ್ಯದವನ ಮೇಲೆ ನನಗೆ ಸಂಶಯ ಹುಟ್ಟಿದ್ದು ಅವನ ಬಾಯಿಂದಲೇ. ತರಬೇತಿಗೆಂದು ವಿಮಾನದಲ್ಲಿ ಲಂಡನ್ನಿಗೆ ಹೋಗಿಬಂದವನಂತೆ. ವಿಮಾನದ ವಿಷಯ ಎಲ್ಲಿ ಸಿಕ್ಕರೂ ಓದುವ ಚಟ ನನ್ನದು. ಕೇಳಿಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬೊಂಬಾಯಿಯಿಂದ ಹೊರಟದ್ದು ಬೆಳಿಗ್ಗೆ ಹತ್ತಕ್ಕೆ, ಲಂಡನ್ ತಲುಪಿದ್ದು ಮರುದಿನ ಬೆಳಗಿನ ಐದೂವರೆಗೆ. ವಾಪಸು ಹೊರಟದ್ದೂ ಹತ್ತಕ್ಕೇ, ಬೊಂಬಾಯಿಯಲ್ಲಿ ಇಳಿದದ್ದು ಮರುದಿನ ಸಂಜೆ ನಾಲ್ಕೂವರೆಗೆ.

ಅವನು ಅತ್ತ ಹೋದ ಮೇಲೆ ಲೆಕ್ಕ ಹಾಕಿದೆ. ಹೋಗಲು ಹತ್ತೊಂಬತ್ತೂವರೆ ಗಂಟೆ, ಬರಲು ಮೂವತ್ತೂವರೆ. ಹಳೇ ಅಟ್ಲಾಸಿನ ಮೇಲೆ ದಾರ ಇಟ್ಟು ಅಳೆದರೆ ನಾಲ್ಕೂವರೆ ಸಾವಿರ ಮೈಲಿಯ ಹತ್ತಿರ. ಬರುವಾಗ ದಾರ ಉದ್ದವಾಗುತ್ತದೆಯೇ? ಗಾಳಿ ಎದುರಾಗಿರಬಹುದು ಎಂದುಕೊಂಡೆ. ಆದರೂ ಹನ್ನೊಂದು ಗಂಟೆಯೇ? ಇವನು ವಿಮಾನವನ್ನೇ ಹತ್ತಿಲ್ಲ ಎಂದು ಖಾತ್ರಿಯಾಯಿತು.

ಅಪ್ಪ ನಮ್ಮ ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರ್. ಒಪ್ಪಿಗೆಯ ಕಾಗದ ಬರೆದು, ಸುಂಟಿಕೊಪ್ಪದಲ್ಲಿ ಅಂಚೆಗೆ ಹಾಕಲು ನನ್ನ ಕೈಗೇ ಕೊಟ್ಟಿದ್ದರು. ನಾನು ನೋಟ್‌ಬುಕ್ ತೋರಿಸಿದೆ. ಅಪ್ಪ ಎರಡು ಸಲ ಕೂಡಿ ನೋಡಿ, ಕಾಗದ ವಾಪಸು ಇಸಕೊಂಡರು.

"ಇಷ್ಟಕ್ಕೇ ಸುಳ್ಳು ಹೇಳೋನು ಇನ್ನೆಂತೆಂತಕ್ಕೆ ಹೇಳ್ತಾನೋ," ಅಂದರು.

ಅದುವರೆಗೆ ಬಂದ ಗಂಡುಗಳಲ್ಲಿ ಅಕ್ಕ ಬೇಡ ಅನ್ನದಿದ್ದವನು ಇವನೊಬ್ಬನೇ. ಅವಳು ಕಾಫಿಬೀಜ ಆರಿಸುತ್ತಿದ್ದ ಮೊರ ಕೆಳಗಿಟ್ಟು ನೋಟ್‌ಬುಕ್ ತೆಗೆದುಕೊಂಡಳು. ತುಂಬ ಹೊತ್ತು ನೋಡಿದಳು.

"ನೀನು ಪೇಪರ್ ತರೋಕೆ ಸುಂಟಿಕೊಪ್ಪಕ್ಕೆ ಎಷ್ಟು ಗಂಟೆಗೆ ಹೊರಡ್ತಿ?"

"ಎಂಟಕ್ಕೆ."

"ಅಲ್ಲಿ ಅಂಚೆ ಆಫೀಸಿನ ಗಡಿಯಾರದಲ್ಲಿ?"

"ಎಂಟೇ ಆಗಿರ್ತದೆ."

"ಅಲ್ಲಿಂದ ಒಂಬತ್ತಕ್ಕೆ ಹೊರಟ್ರೆ?"

"ಇಲ್ಲಿಗೆ ಬರುವಾಗ ಹತ್ತು."

"ಹೋಗುವಾಗ ಹಾರ್ಕೊಂಡು ಹೋಗ್ತೀಯ, ಬರುವಾಗ ತೆವಳ್ಕೊಂಡು ಬರ್ತೀಯ?"

ನಡೆಯಲು ಎರಡೂ ಕಡೆ ಅರ್ಧ ಗಂಟೆ. ಆಳುಗಳು ಬೇಗ ಬರಲಿ ಎಂದು ನಮ್ಮ ಎಸ್ಟೇಟಿನ ಗಡಿಯಾರವನ್ನು ಅರ್ಧ ಗಂಟೆ ಮುಂದಿಟ್ಟಿದ್ದರು. ಆಳುಗಳ ಲೈನುಮನೆಗಳಿಗೆ ಕೇಳುವ ಹಾಗೆ ಗಂಟೆ ಬಾರಿಸುವುದು ಅದನ್ನು ನೋಡಿಯೇ. ಹುಟ್ಟಿದಂದಿನಿಂದ ಅದರಲ್ಲೇ ಉಂಡು ಮಲಗಿದ ನನಗೆ, ಲಂಡನ್ನಿನ ಗಡಿಯಾರ ಬೇರೆ ಇರಬಹುದೆಂದು ಹೊಳೆಯಲಿಲ್ಲ.

ಅಟ್ಲಾಸಿನ ಕೊನೆಯ ಹಾಳೆಯಲ್ಲಿತ್ತು, ಅವರು ನಮಗಿಂತ ಐದೂವರೆ ಗಂಟೆ ಹಿಂದೆ. ಹೋಗುವ ಲೆಕ್ಕಕ್ಕೆ ಕೂಡಿದೆ, ಬರುವುದರಲ್ಲಿ ಕಳೆದೆ. ಎರಡೂ ಕಡೆ ಇಪ್ಪತ್ತೈದೇ ಬಂತು. ಅಷ್ಟು ಸರಿಯಾಗಿ ಬಂದದ್ದಕ್ಕೂ ಸಂಶಯಪಟ್ಟು ಮತ್ತೊಮ್ಮೆ ಮಾಡಿದೆ.

ಲೆಕ್ಕ ತೋರಿಸಿದರೆ ಅಪ್ಪ ಹಾಳೆಯನ್ನಲ್ಲ, ಗೋಡೆಯ ಗಡಿಯಾರವನ್ನು ನೋಡಿದರು. ಅದನ್ನು ಮುಂದಿಟ್ಟವರು ಅವರೇ. ಮತ್ತೆ ಕಾಗದ ಚಾಚಿದರು.

"ಈ ಸಲ ದಾರಿಯಲ್ಲಿ ಎಂತದೂ ಅಳೀಬೇಡ ಮಾರಾಯ," ಅಂದಳು ಅಕ್ಕ.

ಎಸ್ಟೇಟಿನ ಮೂರು ಗಂಟೆಗೆ ಹೊರಟೆ. ಮೂರಕ್ಕೆ ಸರಿಯಾಗಿ ಸುಂಟಿಕೊಪ್ಪದಲ್ಲಿ ಕಾಗದವನ್ನು ಡಬ್ಬಿಗೆ ಹಾಕಿದೆ.